ಆಂಗ್ಲರ ಬೆಳ್ಳಿಯ ಪಾತ್ರೆಗಳು

ಬೆಳ್ಳಿಯು ಸ್ವಭಾವತಃ ಮೆತ್ತನೆಯ ಲೋಹ. ಅಪ್ಪಟ ಬೆಳ್ಳಿಯ ಚಮಚವು ಬಳಸುತ್ತ ಬಳಸುತ್ತ ಬಾಗಿಹೋಗುವುದು. ಆದುದರಿಂದ ಇಂಗ್ಲೆಂಡಿನ ಕುಶಲಕರ್ಮಿಗಳು 925 ಭಾಗ ಬೆಳ್ಳಿಗೆ 75 ಭಾಗ ತಾಮ್ರವನ್ನು ಬೆರೆಸುವ ಪದ್ಧತಿಯನ್ನು ಅನುಸರಿಸಿದರು. ಸ್ಟರ್ಲಿಂಗ್ ಎಂದು ಹೆಸರಾದುದು ಇದೇ. ಈ ಮಿಶ್ರಣದ ತಗಡನ್ನು ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಸುತ್ತಲೂ ಬಡಿಯುತ್ತ ಬಂದರೆ ಅದು ಮೆಲ್ಲಮೆಲ್ಲನೆ ಬಟ್ಟಲಾಗಿ ಮೇಲೇಳುವುದು. ಬಡಿದಷ್ಟೂ ಲೋಹವು ಬಿರುಸಾಗುವುದರಿಂದ ನಡುನಡುವೆ ಕಾಯಿಸಿ ಮೆದುಮಾಡಬೇಕು. ಆ ತಾಳ್ಮೆ ತಪ್ಪಿದರೆ ಅಂಚು ಸೀಳುವುದು. ನಮ್ಮ ಅಕ್ಕಸಾಲಿಗರೂ ಬಲ್ಲ ಕೆಲಸವೇ ಇದು. ಇಷ್ಟರಲ್ಲಿ ಆಂಗ್ಲರ ಹೆಚ್ಚುಗಾರಿಕೆಯೇನೂ ನಮಗೆ ಕಾಣದು.

ಅವರ ವಿಶೇಷವಿರುವುದು ಪಾತ್ರೆಯ ತಳದಲ್ಲಿ ಒತ್ತಿರುವ ಸಣ್ಣ ಮುದ್ರೆಗಳಲ್ಲಿ. ಬೆಳ್ಳಿಗೆ ಎಷ್ಟು ತಾಮ್ರ ಬೆರೆತಿದೆಯೆಂಬುದು ಕಣ್ಣಿಗೆ ತಿಳಿಯದು. ಕೊಳ್ಳುವವನು ಮೋಸಹೋಗುವುದು ಅಲ್ಲಿಯೇ. 1300ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಕಾಲದ ಶಾಸನವು, ಪರೀಕ್ಷೆಯಾದ ಬೆಳ್ಳಿಗೆ ಚಿರತೆಯ ತಲೆಯನ್ನು ಒತ್ತಬೇಕೆಂದು ವಿಧಿಸಿತು. ಲಂಡನ್ನಿನಲ್ಲಿ 1478ರಿಂದ ವರುಷಕ್ಕೊಂದು ಅಕ್ಷರವೂ, 1544ರಿಂದ ನಡೆಯುವ ಸಿಂಹವೂ ಸೇರಿದವು. ಇವುಗಳೊಡನೆ ತಯಾರಕರ ಗುರುತೂ ಇರುವುದರಿಂದ, 18ನೆಯ ಶತಮಾನದ ಚಹಾಪಾತ್ರೆಯೊಂದನ್ನು ಕೈಗೆತ್ತಿಕೊಂಡರೆ, ಅದು ಹೆಸ್ಟರ್ ಬೇಟ್‌ಮನ್ ಎಂಬ ವಿಧವೆ ನಡೆಸಿದ ಕಾರ್ಯಾಗಾರದ್ದೆಂದೂ ಇಂಥ ವರುಷದ್ದೆಂದೂ ನಾವು ಓದಬಲ್ಲೆವು.

ಈ ಮುದ್ರೆಗಳ ಚರಿತ್ರೆಯಲ್ಲಿ ಕಳ್ಳತನದ ಪಾಲೂ ಉಂಟು. ನಾಣ್ಯವೂ ಪಾತ್ರೆಯೂ ಒಂದೇ ಮಟ್ಟದ ಬೆಳ್ಳಿಯಾಗಿದ್ದುದರಿಂದ, ನಾಣ್ಯಗಳ ಅಂಚನ್ನು ಕತ್ತರಿಸಿ ಕರಗಿಸಿ ಪಾತ್ರೆ ಮಾಡುವ ಹಾವಳಿ ಹೆಚ್ಚಿತು. ಅದನ್ನು ತಡೆಯಲೆಂದು 1697ರಲ್ಲಿ ಸರ್ಕಾರವು ಪಾತ್ರೆಯ ಮಟ್ಟವನ್ನು ಸಾವಿರಕ್ಕೆ 958ರಷ್ಟಕ್ಕೆ ಏರಿಸಿತು. 1720ರಲ್ಲಿ ಹಳೆಯ ಮಟ್ಟವು ಮರಳಿತು. ಜೊತೆಗೆ ಔನ್ಸಿಗೆ ಆರು ಪೆನ್ನಿಯ ಸುಂಕವೂ ಬಂದಿತು. ಸುಂಕ ಬಂದೊಡನೆ ಉಪಾಯವೂ ಹುಟ್ಟಿತು! ಹಗುರವಾದ ಸಣ್ಣ ವಸ್ತುವಿಗೆ ಮುದ್ರೆ ಹಾಕಿಸಿ, ಆ ತುಂಡನ್ನು ಕತ್ತರಿಸಿ ಭಾರಿ ಪಾತ್ರೆಯ ತಳಕ್ಕೆ ಬೆಸೆಯುತ್ತಿದ್ದರು. ಬೆಳ್ಳಿಯೇನೋ ಒಳ್ಳೆಯದೇ ಇರಬಹುದು. ಅಲ್ಲಿ ವಂಚಿತವಾದುದು ಬೊಕ್ಕಸ. ಆದರೆ ಹಳೆಯ ಚಮಚದ ಮುದ್ರೆಯನ್ನು ಹೊಸ ಪಾತ್ರೆಗೆ ಬೆಸೆದು ಪುರಾತನವೆಂದು ಮಾರುವವರ ಕೈಯಲ್ಲಿ ಇದೇ ಉಪಾಯವು ಗ್ರಾಹಕನ ಕುತ್ತಿಗೆಗೆ ಬರುವುದು.

ಸಂದೇಹ ಬಂದಾಗ ತಳದ ಮೇಲೆ ಮೆಲ್ಲನೆ ಉಸಿರೂದಿ ನೋಡಬೇಕು; ಆ ಮಬ್ಬಿನಲ್ಲಿ ಮುದ್ರೆಯ ಸುತ್ತಲಿನ ಬೆಸುಗೆಯ ಗೆರೆ ಮೂಡುವುದುಂಟು. ಹೊಳಪಿನ ಆಸೆಯಿಂದ ಪುಡಿ ಹಾಕಿ ತಿಕ್ಕಿ ತಿಕ್ಕಿ ಮುದ್ರೆಗಳನ್ನೇ ಸವೆಸಿದ ಮನೆಗಳೂ ಇವೆ. ಅಂಥ ಪಾತ್ರೆಯ ಹುಟ್ಟನ್ನು ಹೇಳುವ ಸಾಕ್ಷಿ ಹೋದಂತೆಯೇ. ಮಾರಲು ಹೋದರೆ ಅಂಗಡಿಯವನು ಮೊದಲು ತಕ್ಕಡಿಯನ್ನು ಎತ್ತಿಕೊಳ್ಳುವನು.