ಮಡಿಲಿನ ನಾಯಿ: ಪಗ್ಗೊ, ಕ್ಯಾವಲಿಯರೊ?

ಮನೆಗೊಂದು ನಾಯಿ ಬೇಕು. ಅದು ಬೊಗಳಿ ಬೀದಿಯನ್ನೆಬ್ಬಿಸಬಾರದು, ಮಕ್ಕಳ ಮೇಲೆ ಎರಗಬಾರದು, ಮಹಡಿಯ ಮೇಲಣ ಎರಡು ಕೋಣೆಗಳಲ್ಲಿಯೇ ಸುಖವಾಗಿರಬೇಕು. ಹೀಗೆ ಬಯಸುವವರಿಗೆ ಬಲ್ಲವರು ಸಾಮಾನ್ಯವಾಗಿ ಸೂಚಿಸುವ ತಳಿಗಳಲ್ಲಿ ಎರಡು ಮುಖ್ಯವಾದುವು: ಒಂದು ಪಗ್, ಇನ್ನೊಂದು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ಎರಡೂ ಸುಮಾರು 6ರಿಂದ 8 ಕಿಲೋಗ್ರಾಂ ತೂಗುವ ಪುಟ್ಟ ನಾಯಿಗಳು. ಕಾವಲು ಎರಡರ ಕಸುಬೂ ಅಲ್ಲ. ಒಡೆಯನ ಮಡಿಲಲ್ಲಿ ಕುಳಿತು ಜೊತೆ ನೀಡುವುದೇ ಅವುಗಳ ಕೆಲಸ. ಸ್ವಭಾವ ಹೀಗೆ ಸರಿಸಮವಾಗಿರುವಾಗ ಆರಿಸುವುದು ಹೇಗೆ? ಹಲವರು ಮುಖವನ್ನು ನೋಡಿ ಆರಿಸುತ್ತಾರೆ. ಆದರೆ ನೋಡಬೇಕಾದುದು ನಾಯಿಯ ಉಸಿರನ್ನು ಮತ್ತು ಹೃದಯವನ್ನು.

ಮೂತಿಯ ಕಥೆ

ಪಗ್ಗಿನ ತವರು ಚೀನಾ. ಹದಿನಾರನೆಯ ಶತಮಾನದಲ್ಲಿ ಅದು ಯೂರೋಪನ್ನು ಸೇರಿತು. ಆಂಗ್ಲ ಚಿತ್ರಕಾರ ವಿಲಿಯಂ ಹೋಗಾರ್ತನು 1745ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದುಕೊಂಡಾಗ, ಮುಂಭಾಗದಲ್ಲಿ ತನ್ನ ಪಗ್ಗನ್ನೂ ಕೂರಿಸಿದನು. ಆ ನಾಯಿಗೆ ಮುಂಚಾಚಿದ ಮೂತಿ ಇರುವುದು ಸ್ಪಷ್ಟವಾಗಿ ಕಾಣುತ್ತದೆ. ಅನಂತರ ಬಂದ ತಳಿಗಾರರು ಚಪ್ಪಟೆ ಮುಖದ ಮರಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದುದರಿಂದ ಇಂದಿನ ಪಗ್ಗಿಗೆ ಮೂತಿಯೇ ಇಲ್ಲವೆನ್ನುವಂತಾಗಿದೆ. ನಮ್ಮ ದೇಶದಲ್ಲಿ 2003ರ ದೂರವಾಣಿ ಜಾಹೀರಾತೊಂದು ಈ ಮುಖವನ್ನು ಮನೆಮನೆಗೆ ಪರಿಚಯಿಸಿತು.

ಕ್ಯಾವಲಿಯರಿನ ಕಥೆ ಇದಕ್ಕೆ ವಿರುದ್ಧವಾದುದು. 1660ರಿಂದ 1685ರ ವರೆಗೆ ಇಂಗ್ಲೆಂಡನ್ನು ಆಳಿದ ಎರಡನೆಯ ಚಾರ್ಲ್ಸ್ ದೊರೆಗೆ ಪ್ರಿಯವಾಗಿದ್ದ ಪುಟ್ಟ ಸ್ಪ್ಯಾನಿಯಲ್ಲುಗಳಿಗೆ ಉದ್ದನೆಯ ಮೂತಿಯಿತ್ತು. ಕಾಲಕ್ರಮದಲ್ಲಿ ಆ ಮುಖವೂ ಚಪ್ಪಟೆಯಾಯಿತು. ರಾಸ್ವೆಲ್ ಎಲ್ಡ್ರಿಜ್ ಎಂಬ ಅಮೆರಿಕದ ಸಿರಿವಂತನು ಹಳೆಯ ಮಾದರಿಯ ನಾಯಿಯನ್ನು ತರುವವರಿಗೆ 1926ರ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ 25 ಪೌಂಡುಗಳ ಬಹುಮಾನವನ್ನು ಸಾರಿದನು. ಆ ಪ್ರಯತ್ನದಿಂದ ಮೂಡಿದ ತಳಿಗೆ 1945ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ಬಿನ ಮನ್ನಣೆ ದೊರೆಯಿತು. ಪಗ್ಗು ಮೂತಿಯನ್ನು ಕಳೆದುಕೊಂಡಿತು. ಕ್ಯಾವಲಿಯರ್ ಕಳೆದುಹೋದುದರಲ್ಲಿ ಕೊಂಚವನ್ನು ಮರಳಿ ಪಡೆಯಿತು.

ಮೂಗು ಮೈಯನ್ನು ತಣಿಸುವ ಬಗೆ

ಮೂತಿ ಬರಿಯ ಅಂದದ ಮಾತಲ್ಲ. ನಮ್ಮಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರು ಮುಖ್ಯವಾಗಿ ಅಂಗಾಲುಗಳಲ್ಲಿ. ಮೈ ಕಾದಾಗ ಅದು ನಾಲಿಗೆಯನ್ನು ಚಾಚಿ ತೇಕುತ್ತದೆ. ಹಾಗೆ ತೇಕುವಾಗ ಮೂಗಿನ ಮತ್ತು ಬಾಯಿಯ ತೇವವು ಆವಿಯಾಗುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವು ಬೇಕು. ಆ ಶಾಖವು ನಾಯಿಯ ರಕ್ತದಿಂದಲೇ ಹೋಗುವುದು. ಉದ್ದ ಮೂತಿಯೊಳಗೆ ಸುರುಳಿಗೊಂಡ ತೆಳುವಾದ ಎಲುಬಿನ ಹಾಳೆಗಳಿದ್ದು, ಅವುಗಳನ್ನು ಹೊದೆದ ಒದ್ದೆ ಪೊರೆಯು ಇದಕ್ಕೆ ವಿಶಾಲವಾದ ಜಾಗವನ್ನೊದಗಿಸುತ್ತದೆ.

ಪಗ್ಗಿನಲ್ಲಿ ಎಲುಬು ಕುಗ್ಗಿದೆ. ಆದರೆ ಒಳಗಿನ ಮಾಂಸವು ಅದೇ ಪ್ರಮಾಣದಲ್ಲಿ ಕುಗ್ಗಿಲ್ಲ. ಮೃದುವಾದ ಅಂಗುಳವು ಗಂಟಲಿಗೆ ಇಳಿಬೀಳುತ್ತದೆ. ಮೂಗಿನ ಹೊಳ್ಳೆಗಳು ಸೀಳಿನಂತೆ ಕಿರಿದಾಗಿರುತ್ತವೆ. ನಾವು ಕೇಳಿ ನಗುವ ಅದರ ಗೊರಕೆಯು ಇಕ್ಕಟ್ಟಾದ ದಾರಿಯಲ್ಲಿ ನುಸುಳುವ ಗಾಳಿಯ ಸದ್ದು. ಕೆಲವು ಪಗ್ಗುಗಳು ಮಲಗಿದರೆ ಉಸಿರು ಕಟ್ಟುವುದೆಂದು ಕುಳಿತೇ ನಿದ್ರಿಸುತ್ತವೆ. ಹೀಗಿರುವಲ್ಲಿ, ನಾಲ್ಕು ಹೆಜ್ಜೆ ನಡೆದು ಕುಳಿತುಬಿಡುವ ನಾಯಿಯನ್ನು ಶಾಂತವೆಂದು ಹೊಗಳುವ ಮುನ್ನ, ಅದು ಶಾಂತಿಯೊ ಉಸಿರಿನ ಬಡತನವೊ ಎಂದು ಕೇಳಿಕೊಳ್ಳಬೇಕು. ಕಲಬುರಗಿಯ ಬೇಸಗೆಯ ಬಿಸಿಲಿನಲ್ಲಾಗಲಿ, ತೇವ ತುಂಬಿ ನೀರು ಬೇಗ ಆವಿಯಾಗದ ಮಂಗಳೂರಿನ ಗಾಳಿಯಲ್ಲಾಗಲಿ ಈ ಕೊರತೆಯು ಪ್ರಾಣಕ್ಕೇ ಎರವಾಗಬಹುದು.

ಹೃದಯದ ಕದ

ಹಾಗಾದರೆ ಕ್ಯಾವಲಿಯರೇ ಮೇಲೆಂದು ಒಡನೆ ತೀರ್ಮಾನಿಸಲಾಗದು. ಈ ತಳಿಯು ಕೆಲವೇ ಪೂರ್ವಜರಿಂದ ಬೆಳೆದುದು; ಅವುಗಳಲ್ಲಿ ಅಡಗಿದ್ದ ದೋಷಗಳೂ ಸಂತಾನಕ್ಕೆಲ್ಲ ಹರಡಿದುವು. ಹೃದಯದ ಎಡಭಾಗದಲ್ಲಿ ಮೇಲಿನ ಹೃತ್ಕರ್ಣಕ್ಕೂ ಕೆಳಗಿನ ಹೃತ್ಕುಕ್ಷಿಗೂ ನಡುವೆ ಎರಡು ದಳಗಳ ಕವಾಟವೊಂದಿದೆ. ರಕ್ತವು ಕೆಳಗಿಳಿದ ಮೇಲೆ ಅದು ಭದ್ರವಾಗಿ ಮುಚ್ಚಬೇಕು. ಕ್ಯಾವಲಿಯರಿನಲ್ಲಿ ಆ ದಳಗಳು ಎಳೆಯ ವಯಸ್ಸಿನಲ್ಲಿಯೇ ದಪ್ಪಗಾಗಿ ಸೊಟ್ಟಗಾಗುತ್ತವೆ. ರಕ್ತವು ಹಿಂದಕ್ಕೆ ಸೋರುತ್ತದೆ. ಆ ಸೋರಿಕೆಯ ಮರ್ಮರ ಶಬ್ದವು ವೈದ್ಯನ ಸ್ಟೆತಾಸ್ಕೋಪಿಗೆ ಕೇಳಿಸುತ್ತದೆ. ಐದು ವರ್ಷ ತುಂಬುವ ಹೊತ್ತಿಗೆ ಸುಮಾರು ಅರ್ಧದಷ್ಟು ಕ್ಯಾವಲಿಯರುಗಳಲ್ಲಿಯೂ, ಹತ್ತು ವರ್ಷಕ್ಕೆ ಬಹುಮಟ್ಟಿಗೆ ಎಲ್ಲವುಗಳಲ್ಲಿಯೂ ಇದು ಕಂಡುಬರುತ್ತದೆ. ಇದಲ್ಲದೆ, ತಲೆಬುರುಡೆಯ ಹಿಂಭಾಗವು ಮಿದುಳಿಗೆ ಸಾಲದಷ್ಟು ಇಕ್ಕಟ್ಟಾದುದರಿಂದ ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳುಗಳು ಏರ್ಪಟ್ಟು, ಕೆಲವು ನಾಯಿಗಳು ನೋವಿನಿಂದ ನರಳುತ್ತವೆ. ಕುತ್ತಿಗೆಯತ್ತ ಕಾಲನ್ನೆತ್ತಿ ಗಾಳಿಯಲ್ಲಿ ಕೆರೆಯುತ್ತವೆ. ಈ ತಳಿಯನ್ನು ಹೀಗೆಯೇ ಬೆಳೆಸುವುದು ಪ್ರಾಣಿರಕ್ಷಣೆಯ ಕಾನೂನಿಗೆ ವಿರುದ್ಧವೆಂದು ನಾರ್ವೆಯ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿತು.

ಆರಿಸುವ ಕ್ರಮ

ಈಗ ನಮ್ಮ ಪ್ರಶ್ನೆಗೆ ಮರಳೋಣ. ಪಗ್ಗಿನ ಕೊರತೆಯು ಮುಖದಲ್ಲಿಯೇ ಕಾಣುವಂಥದು, ಮೊದಲಿನಿಂದಲೇ ಕಾಡುವಂಥದು. ಕ್ಯಾವಲಿಯರಿನದು ಎದೆಯಲ್ಲಿ ಅಡಗಿದ್ದು ವರ್ಷಗಳ ಮೇಲೆ ತಲೆದೋರುವಂಥದು. ಎರಡನ್ನೂ ಮರಿಯಲ್ಲಿ ನೋಡಿ ತಿಳಿಯುವುದು ಕಷ್ಟ. ಆದುದರಿಂದ ಮರಿಯನ್ನಲ್ಲ, ಅದರ ತಂದೆತಾಯಿಗಳನ್ನು ನೋಡಬೇಕು.

ಪಗ್ಗಾದರೆ, ತಂಪು ಹೊತ್ತಿನಲ್ಲಿ ತಾಯಿನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿರೆಂದು ಮಾರುವವರನ್ನು ಕೇಳಿ. ಬಾಯಿ ಮುಚ್ಚಿ ಸದ್ದಿಲ್ಲದೆ ಉಸಿರಾಡುವುದೆ? ಹೊಳ್ಳೆಗಳು ತೆರೆದಿವೆಯೆ? ಕ್ಯಾವಲಿಯರಾದರೆ, ತಂದೆತಾಯಿಗಳಿಗೆ ಎರಡೂವರೆ ವರ್ಷ ತುಂಬಿದ ಮೇಲೆಯೇ ಕೂಡಿಸಲಾಯಿತೆ, ಪಶುವೈದ್ಯರು ಅವುಗಳ ಹೃದಯವನ್ನು ಪರೀಕ್ಷಿಸಿದ್ದಾರೆಯೆ, ಅಜ್ಜ ಅಜ್ಜಿಯರ ಹೃದಯವು ಐದನೆಯ ವರ್ಷದಲ್ಲಿ ನಿರ್ಮಲವಾಗಿತ್ತೆ ಎಂದು ವಿಚಾರಿಸಿ. ಎರಡೂ ಕಡೆ ತೃಪ್ತಿಕರವಾದ ಉತ್ತರ ದೊರೆತರೆ, ನಮ್ಮ ಬೇಸಗೆಗೆ ಕ್ಯಾವಲಿಯರೇ ಮೇಲು. ಅದರ ಉದ್ದ ಕೂದಲನ್ನು ದಿನವೂ ಬಾಚುವ ತಾಳ್ಮೆ ಇರಬೇಕು, ಅಷ್ಟೆ. ಯಾವುದನ್ನೇ ಸಾಕಿದರೂ ಕೊಬ್ಬು ಬೆಳೆಯಗೊಡದಿರಿ. ಬಿಸಿಲೇರಿದ ಮೇಲೆ ಹೊರಗೆ ನಡೆಸದಿರಿ.

ಉತ್ತರ ದೊರೆಯದಿದ್ದಲ್ಲಿ ಎರಡೂ ಬೇಡ. ನಮ್ಮ ಬೀದಿಯ ನಾಡನಾಯಿಗೆ ಉದ್ದನೆಯ ಮೂತಿಯುಂಟು. ಅದರ ಮರಿಗಳಲ್ಲಿಯೂ ಶಾಂತ ಸ್ವಭಾವದವು ಸಿಗುತ್ತವೆ. ಮನೆಗೆ ಬಂದ ಮರಿಯು ಹತ್ತು ಹನ್ನೆರಡು ವರ್ಷ ನಮ್ಮೊಡನಿರುವುದು. ಆ ವರ್ಷಗಳಲ್ಲೆಲ್ಲ ಅದು ಸಲೀಸಾಗಿ ಉಸಿರಾಡಬೇಕೆಂದು ಬಯಸುವವರು, ಈ ಪ್ರಶ್ನೆಗಳನ್ನು ಹಣ ಕೊಡುವ ಮೊದಲೇ ಕೇಳಬೇಕು.