ಕಡಜದ ಬೋನು

2004ನೆಯ ಇಸವಿಯ ಸುಮಾರಿಗೆ ನೈರುತ್ಯ ಫ್ರಾನ್ಸಿನ ಆಜೆನ್ ಪಟ್ಟಣದ ಆಸುಪಾಸಿನಲ್ಲಿ ಕಾಣಿಸಿಕೊಂಡ, ಹಳದಿ ಕಾಲುಗಳ ಕಪ್ಪು ಕಡಜವೊಂದು, ಚೀನಾ ದೇಶದ ಮಣ್ಣಿನ ಪಾತ್ರೆಗಳ ಸಂದಿಯಲ್ಲಿ ಶೀತನಿದ್ರೆಯಲ್ಲಿದ್ದ ರಾಣಿಯ ರೂಪದಲ್ಲಿ ಯೂರೋಪನ್ನು ಸೇರಿರಬೇಕೆಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ಅಲ್ಲಿಂದ ಅದು 2010ರಲ್ಲಿ ಸ್ಪೇನನ್ನೂ 2012ರಲ್ಲಿ ಇಟಲಿಯನ್ನೂ 2016ರಲ್ಲಿ ಬ್ರಿಟನ್ನನ್ನೂ ಮುಟ್ಟಿತು. ವೆಸ್ಪಾ ವೆಲುಟಿನಾ ಎಂಬ ಈ ಕೀಟದ ಯೂರೋಪಿನ ಸಮಸ್ತ ಸಂತತಿಯೂ ಹಲವು ಗಂಡುಗಳೊಡನೆ ಕೂಡಿದ್ದ ಒಬ್ಬಳೇ ರಾಣಿಯಿಂದ ಹುಟ್ಟಿದ್ದಿರಬಹುದೆಂದು ಆನುವಂಶಿಕ ಪರೀಕ್ಷೆಗಳು ಸೂಚಿಸಿವೆ.

ಜೇನುಗೂಡಿನ ಬಾಗಿಲೆದುರಿಗೆ ಗಾಳಿಯಲ್ಲಿ ನಿಂತು, ಮರಳಿ ಬರುವ ನೊಣಗಳನ್ನು ಒಂದೊಂದಾಗಿ ಹಿಡಿದೊಯ್ಯುವುದು ಇದರ ವೃತ್ತಿ. ನಮ್ಮ ಮಲೆನಾಡಿನವರು ಪೆಟ್ಟಿಗೆಗಳಲ್ಲಿ ಸಾಕುವ ತುಡುವೆಯ ಜಾತಿಯು ಏಷ್ಯದ ಕಾಡುಗಳಲ್ಲಿ ಕಡಜಗಳೊಡನೆ ಯುಗಯುಗಾಂತರಗಳಿಂದ ಬಾಳಿರುವ ಕಾರಣ, ವೈರಿಯನ್ನು ಮುತ್ತಿ ಚೆಂಡಿನಂತೆ ಸುತ್ತುಗಟ್ಟಿ, ಮೈಯ ಸ್ನಾಯುಗಳನ್ನು ಕಂಪಿಸಿ, ಸುಮಾರು 45 ಡಿಗ್ರಿಯ ಶಾಖದಲ್ಲಿ ಅದನ್ನು ಬೇಯಿಸಿ ಕೊಲ್ಲುವ ವಿದ್ಯೆಯನ್ನು ಸಾಧಿಸಿದೆ. ಯೂರೋಪಿನ ಜೇನಿಗೆ ಆ ವಿದ್ಯೆ ಚೆನ್ನಾಗಿ ಕೈಗೂಡಿಲ್ಲ. ಆದಕಾರಣವೇ ಅಲ್ಲಿನ ಜೇನುಸಾಕಣೆಗಾರನು ತೋಟದಲ್ಲಿ ಬೋನು ತೂಗಹಾಕಬೇಕಾಯಿತು.

ಬೋನಿನ ರಚನೆ ಅತಿ ಸರಳವಾದುದು. ಒಂದು ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಲಾಳಿಕೆಯಂತೆ ತಲೆಕೆಳಗಾಗಿ ಒಳಕ್ಕೆ ಇಳಿಸಿದರೆ, ವಾಸನೆ ಹಿಡಿದು ಒಳಹೊಕ್ಕ ಕೀಟಕ್ಕೆ ಹೊರದಾರಿ ದೊರೆಯದು. ಯುಕ್ತಿಯಿರುವುದು ಆಮಿಷದಲ್ಲಿ. ಪ್ರೌಢ ಕಡಜವು ಘನಾಹಾರವನ್ನು ನುಂಗಲಾರದು. ಬೇಟೆಯ ಮಾಂಸವೆಲ್ಲ ಮರಿಗಳ ಪಾಲು, ತನಗೆ ಬೇಕಾದುದು ಸಿಹಿದ್ರವ. ವಸಂತದಲ್ಲಿ ಒಂಟಿಯಾಗಿ ಗೂಡು ಕಟ್ಟತೊಡಗುವ ರಾಣಿಯು ಈ ಸಿಹಿಗಾಗಿಯೇ ಅಲೆಯುವಳಾದ್ದರಿಂದ, ಬಿಯರು, ಬಿಳಿ ದ್ರಾಕ್ಷಾರಸದ ಮದ್ಯ, ಹಣ್ಣಿನ ಪಾಕ ಇವುಗಳನ್ನು ಬೆರೆಸಿಡುವ ರೂಢಿ ಹುಟ್ಟಿತು; ಮದ್ಯದ ಕಂಪನ್ನು ಜೇನುನೊಣಗಳು ದೂರವಿಡುತ್ತವೆ.

ಒಂದು ರಾಣಿಯನ್ನು ಹಿಡಿದರೆ ಸಾವಿರಾರು ಕಡಜಗಳ ಒಂದು ಗೂಡೇ ತಪ್ಪಿತೆಂಬ ಲೆಕ್ಕ ಮನಸ್ಸಿಗೆ ಹಿತವಾದುದೇ ಹೌದು. ಆದರೆ ಪ್ರಕೃತಿಯ ಲೆಕ್ಕ ಬೇರೆ. ಶರತ್ಕಾಲದಲ್ಲಿ ಒಂದು ಗೂಡಿನಿಂದ ನೂರಾರು ರಾಣಿಯರು ಹೊರಡುತ್ತಾರೆ. ಅವರಲ್ಲಿ ಬಹುಮಂದಿ ಚಳಿಯಿಂದಲೂ, ಗೂಡಿನ ಒಡೆತನಕ್ಕಾಗಿ ತಮ್ಮತಮ್ಮೊಳಗೆ ನಡೆಯುವ ಕಾದಾಟದಿಂದಲೂ ಸಾಯುವವರೇ. ಬೋನಿಗೆ ಬಿದ್ದವಳು ಹೇಗೂ ಅಳಿಯಬೇಕಾಗಿದ್ದವಳಾಗಿದ್ದು, ಉಳಿದವಳಿಗೆ ಪ್ರತಿಸ್ಪರ್ಧಿಯೊಬ್ಬಳು ಕಡಮೆಯಾದಂತಾಗುವ ಸಂಭವವುಂಟು. ಅದಕ್ಕಿಂತಲೂ ನನ್ನನ್ನು ನೋಯಿಸುವ ಸಂಗತಿಯೆಂದರೆ, ಅದೇ ಸಿಹಿಯ ಆಸೆಯಿಂದ ಬಂದು ಮುಳುಗಿ ಸಾಯುವ ನೊಣ, ಪತಂಗ, ಚಿಟ್ಟೆ, ಸ್ಥಳೀಯ ಕಡಜಗಳ ರಾಶಿ. ಇವುಗಳಲ್ಲಿ ಪರಾಗಸ್ಪರ್ಶ ಮಾಡತಕ್ಕವೂ ಇವೆ, ಬೆಳೆಗೆ ಮಾರಕವಾದ ಹುಳುಗಳನ್ನು ತಿನ್ನತಕ್ಕವೂ ಇವೆ. ಸಣ್ಣ ಕೀಟಗಳು ಪಾರಾಗಿ ಹೋಗುವಂತೆ ಕಿರುರಂಧ್ರಗಳಿಲ್ಲದ ಬೋನನ್ನು ವರ್ಷವಿಡೀ ತೂಗಹಾಕಿ ಮರೆಯುವುದು ಅಪರಾಧವೆಂದೇ ನನ್ನ ಮತ.

ಬೋನನ್ನು ಆಯುಧವೆನ್ನುವುದಕ್ಕಿಂತ ಕಾವಲುಗಾರನೆನ್ನುವುದು ಮೇಲು. ಜರ್ಸಿ ದ್ವೀಪದಲ್ಲಿ ಬತ್ತಿಯಿಟ್ಟ ತೆರೆದ ಕುಡಿಕೆಯಲ್ಲಿ ಸಿಹಿದ್ರವವನ್ನಿರಿಸಿ, ಕುಡಿದು ಹಾರುವ ಕಡಜದ ಬೆನ್ನಿಗೆ ಬಣ್ಣದ ಗುರುತು ಹಾಕಿ, ಅದು ಹೋದ ದಿಕ್ಕನ್ನೂ ಹಿಂದಿರುಗಲು ಹಿಡಿದ ನಿಮಿಷಗಳನ್ನೂ ಗಮನಿಸುವ ಸ್ವಯಂಸೇವಕರು, ನಿಮಿಷಕ್ಕೆ ಸುಮಾರು ನೂರು ಮೀಟರಿನಂತೆ ಗೂಡಿನ ದೂರವನ್ನು ಅಂದಾಜು ಮಾಡುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, 2019ರಲ್ಲಿ ಕಂಡುಬಂದ ಇನ್ನೂ ದೊಡ್ಡದಾದ ವೆಸ್ಪಾ ಮ್ಯಾಂಡರೀನಿಯಾ ಎಂಬ ಕಡಜಕ್ಕಾಗಿ ಸಾರ್ವಜನಿಕರೂ ಬೋನುಗಳನ್ನು ತೂಗಹಾಕಿದರು. 2020ರ ಅಕ್ಟೋಬರಿನಲ್ಲಿ ಜೀವಂತವಾಗಿ ಸಿಕ್ಕ ಕಡಜಕ್ಕೆ ಹಲ್ಲಿನ ಸಂದಿಗಳನ್ನು ಶುಚಿಮಾಡಲು ಬಳಸುವ ನೂಲಿನಿಂದ ಪುಟ್ಟ ರೇಡಿಯೋ ಯಂತ್ರವನ್ನು ಕಟ್ಟಿ ಬಿಟ್ಟ ಕೀಟತಜ್ಞರು, ಅದರ ಬೆನ್ನು ಹತ್ತಿ ಬ್ಲೇನ್ ಊರಿನ ಬಳಿ ಮರದ ಪೊಟರೆಯೊಳಗಿದ್ದ ಗೂಡನ್ನು ಕಂಡುಹಿಡಿದು ಕಿತ್ತರು. ಮರುವರ್ಷ ಇನ್ನೂ ಮೂರು ಗೂಡುಗಳು ಸಿಕ್ಕವು. ಆ ಬಳಿಕ ಒಂದು ಕಡಜವೂ ಕಾಣಿಸಿಕೊಳ್ಳದೆ, 2024ರ ಡಿಸೆಂಬರಿನಲ್ಲಿ ಅದು ಆ ದೇಶದಿಂದ ನಿರ್ಮೂಲವಾಯಿತೆಂದು ಅಲ್ಲಿನ ಕೃಷಿ ಇಲಾಖೆಗಳು ಘೋಷಿಸಿದವು.