ಗೊಲೊರಿತ್ಸೆ: ಬಿದ್ದ ಬಂಡೆಯಿಂದ ಹುಟ್ಟಿದ ಕಡಲ ದಂಡೆ

ಇಟಲಿಯ ನಕ್ಷೆಯನ್ನು ಎದುರಿಗೆ ಹರವಿಕೊಂಡರೆ, ಬೂಟುಗಾಲಿನಂತೆ ಕಡಲಿಗೆ ಚಾಚಿಕೊಂಡಿರುವ ಆ ದೇಶದ ಪಡುವಣಕ್ಕೆ ಸಾರ್ಡೀನಿಯ ಎಂಬ ದೊಡ್ಡ ದ್ವೀಪವೊಂದು ಕಾಣಿಸುತ್ತದೆ. ಅದರ ಮೂಡಣ ತೀರದಲ್ಲಿ ಒರೊಸೇಯಿ ಎಂಬ ಕೊಲ್ಲಿಯಿದೆ. ಈ ಕೊಲ್ಲಿಯ ತೆಂಕಣ ಭಾಗದಲ್ಲಿ, ಬೌನೇಯಿ ಎಂಬ ಊರಿನ ಎಲ್ಲೆಗೆ ಸೇರಿದ ಬೆಟ್ಟಗಳ ಬುಡದಲ್ಲಿ, ಬಿಳಿಯ ಬೆಣಚುಗಳಂತೆ ಹೊಳೆಯುವ ಉರುಟು ಕಲ್ಲುಗಳ ಒಂದು ಪುಟ್ಟ ದಂಡೆ ಉಂಟು. ಅದರ ಹೆಸರು ಕಾಲಾ ಗೊಲೊರಿತ್ಸೆ. ‘ಕಾಲಾ’ ಎಂದರೆ ಇಟಲಿಯವರ ಮಾತಿನಲ್ಲಿ ಕಡಲು ನೆಲದೊಳಕ್ಕೆ ಸರಿದ ಸಣ್ಣ ಮೂಲೆ, ಕಿರುಗೊಲ್ಲಿ.

2025ರಲ್ಲಿ ಪ್ರವಾಸಿಗರಿಗಾಗಿ ಸಿದ್ಧಪಡಿಸಿದ ಜಗತ್ತಿನ ಐವತ್ತು ಶ್ರೇಷ್ಠ ದಂಡೆಗಳ ಪಟ್ಟಿಯೊಂದರಲ್ಲಿ ಇದಕ್ಕೆ ಮೊದಲನೆಯ ಸ್ಥಾನ ದೊರೆಯಿತು. ಇಂಥ ಪಟ್ಟಿಗಳಿಗೆ ನಾವು ಹೆಚ್ಚಿನ ಬೆಲೆ ಕಟ್ಟಬೇಕಾದುದಿಲ್ಲ. ಸೊಗಸನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿದೆ? ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಬೇರೆಯೇ ಒಂದು ಸ್ವಾರಸ್ಯವಿದೆ. ದಂಡೆಯ ಸುತ್ತಲಿನ ಕಲ್ಲಿನ ವಯಸ್ಸು ಸುಮಾರು ಹದಿನೈದು ಕೋಟಿ ವರ್ಷ. ಆದರೆ ದಂಡೆಯ ವಯಸ್ಸೋ, ನಮ್ಮ ಅಜ್ಜಂದಿರ ವಯಸ್ಸಿಗಿಂತಲೂ ಕಡಿಮೆ. 1962ರಲ್ಲಿ ಮೇಲಿನ ಪ್ರಪಾತದಿಂದ ಬಂಡೆಗಳು ಕುಸಿದು ಬಿದ್ದು, ಆ ರಾಶಿಯಿಂದ ಇದು ಹುಟ್ಟಿತು. ಇಷ್ಟು ಈಚೆಗೆ ಹುಟ್ಟಿದ್ದು ಎಷ್ಟು ಕಾಲ ಬಾಳೀತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇಲ್ಲಿಗೆ ಮೋಟಾರು ರಸ್ತೆಯಿಲ್ಲ. ಯಂತ್ರದ ದೋಣಿಗಳು ದಡದ ಸಮೀಪಕ್ಕೆ ಬರಕೂಡದೆಂದು ಕಟ್ಟಳೆಯಿದೆ. ನಡೆದೇ ಹೋಗಬೇಕು. ನಾವೂ ಓದುಗರೊಡನೆ ಮೇಲಿನಿಂದ ಕೆಳಕ್ಕೆ ಇಳಿಯೋಣ. ನಡಿಗೆಯ ದಾರಿ ಸುಮಾರು ಮೂರೂವರೆ ಕಿಲೋಮೀಟರ್. ಅಷ್ಟರಲ್ಲಿ 470 ಮೀಟರಿನಷ್ಟು ಇಳಿತ.

ಹೊರಡುವ ತಾಣ ಗೋಲ್ಗೊ ಎಂಬ ಪ್ರಸ್ಥಭೂಮಿ. ಇಲ್ಲಿಯ ನೆಲದ ಮೇಲ್ಪದರ ಕಪ್ಪಗಿದೆ. ಇಪ್ಪತ್ತು ಮೂವತ್ತು ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಬಿದ್ದ ಲಾವಾರಸ ಇಲ್ಲಿ ಹರಿದು ಆರಿ ಬಸಾಲ್ಟ್ ಶಿಲೆಯಾಗಿದೆ. ಅದರ ಅಡಿಯಲ್ಲಿರುವುದು ಸುಣ್ಣಕಲ್ಲು. ಎರಡು ಕಲ್ಲುಗಳ ಗುಣ ಎಷ್ಟು ಬೇರೆ ಎಂಬುದನ್ನು ಇಲ್ಲಿಯ ಕುರಿಗಾಹಿಗಳು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಬಸಾಲ್ಟಿನ ತಗ್ಗುಗಳಲ್ಲಿ ಮಳೆಯ ನೀರು ನಿಲ್ಲುತ್ತದೆ. ‘ಆಸ್ ಪಿಶಿನಾಸ್’ ಎಂದು ಕರೆಯುವ ಆ ಸಹಜ ತೊಟ್ಟಿಗಳಲ್ಲಿ ದನಕರುಗಳು ನೀರು ಕುಡಿಯುತ್ತವೆ. ಸುಣ್ಣಕಲ್ಲಿನ ಮೇಲೆ ಬಿದ್ದ ಮಳೆಯಾದರೋ ನಿಲ್ಲುವುದೇ ಇಲ್ಲ, ಬಿರುಕುಗಳಲ್ಲಿ ಇಳಿದು ಕಣ್ಮರೆಯಾಗುತ್ತದೆ.

ಅದೇಕೆ ಹೀಗೆ? ಮಳೆಯ ಹನಿ ಗಾಳಿಯಲ್ಲಿ ಬೀಳುವಾಗಲೂ, ಎಲೆಗೊಬ್ಬರದ ಮಣ್ಣಿನಲ್ಲಿ ಇಳಿಯುವಾಗಲೂ ಇಂಗಾಲಾಮ್ಲ ವಾಯುವನ್ನು ಹೀರಿಕೊಳ್ಳುತ್ತದೆ. ಇದು ನಮ್ಮ ಉಸಿರಿನೊಡನೆ ಹೊರಬೀಳುವ ವಾಯುವೇ. ಇದು ಸೇರಿದ ನೀರು ಅತಿ ಸೌಮ್ಯವಾದ ಆಮ್ಲ. ಸೋಡಾ ನೀರಿನ ಹುಳಿಯೂ ಇದರದೇ. ಈ ಸೌಮ್ಯ ಆಮ್ಲ ಬಸಾಲ್ಟನ್ನು ಕರಗಿಸುವುದು ಬಹು ನಿಧಾನ. ಸುಣ್ಣಕಲ್ಲನ್ನಾದರೋ ಅದು ಸಾವಿರಾರು ವರ್ಷಗಳಲ್ಲಿ ಕರಗಿಸಿ ಬಿರುಕನ್ನು ಬಿಲವಾಗಿ, ಬಿಲವನ್ನು ಗುಹೆಯಾಗಿ ಮಾಡಿಬಿಡುತ್ತದೆ. ಗೋಲ್ಗೊದಲ್ಲಿಯೇ ‘ಸು ಸ್ತೆರ್ರು’ ಎಂಬ ಕಂದರವಿದೆ. ಬಾಯಿ ಬಸಾಲ್ಟಿನಲ್ಲಿ, ಒಡಲು ಸುಣ್ಣಕಲ್ಲಿನಲ್ಲಿ. ಆಳ ಸುಮಾರು 270 ಮೀಟರ್. ಸುತ್ತಲೂ ಬೇಲಿಯಿದೆ, ಇರಬೇಕಾದುದೇ.

ಪ್ರಸ್ಥಭೂಮಿಯ ಅಂಚನ್ನು ದಾಟಿದೊಡನೆ ಕಪ್ಪು ಕಲ್ಲು ಮುಗಿದು ಬೂದುಬಿಳುಪಿನ ಸುಣ್ಣಕಲ್ಲಿನ ಕಣಿವೆ ಮೊದಲಾಗುತ್ತದೆ. ಓಕ್ ಮರಗಳೂ ಗಾಳಿಗೆ ತಿರುಚಿಕೊಂಡ ಜುನಿಪರ್ ಮರಗಳೂ ದಾರಿಗೆ ನೆರಳು ಕೊಡುತ್ತವೆ. ಜುನಿಪರಿನ ತೊಲೆಗಳಿಂದ ಕುರುಬರು ಕಟ್ಟಿಕೊಂಡ ಹಳೆಯ ಹಟ್ಟಿಗಳು ಅಲ್ಲಲ್ಲಿ ಉಳಿದಿವೆ. ಇಷ್ಟು ಆಳವಾದ ಕಣಿವೆಯಿದ್ದರೂ ಅದರಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ ಎಂಬುದನ್ನು ಗಮನಿಸಿರಿ. ಈ ಸಂಗತಿ ಮುಂದೆ ನಮ್ಮ ಲೆಕ್ಕಕ್ಕೆ ಬೇಕಾಗುತ್ತದೆ.

ಕೊನೆಯ ತಿರುವಿನಲ್ಲಿ, ಕಡಲು ಇನ್ನೂ ಕೆಳಗಿರುವಾಗಲೇ, ಕಣ್ಣಿಗೆ ಮೊದಲು ಬೀಳುವುದು ಒಂದು ಕಲ್ಲಿನ ಸೂಜಿ. ಜನ ಅದನ್ನು ‘ಅಗುಲ್ಯಾ’ ಎನ್ನುತ್ತಾರೆ. ದಂಡೆಯ ಮೇಲ್ಗಡೆ ನೆಟ್ಟಗೆ ನಿಂತ ಇದರ ಎತ್ತರ ಸುಮಾರು 143 ಮೀಟರ್. ಶ್ರವಣಬೆಳಗೊಳದ ಗೊಮ್ಮಟನಂಥ ಎಂಟು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಇದರ ತುದಿಯನ್ನು ಮುಟ್ಟಬಹುದು. ಜುರಾಸಿಕ್ ಯುಗದಲ್ಲಿ, ಬೆಚ್ಚನೆಯ ಆಳವಿಲ್ಲದ ಕಡಲಿನ ತಳದಲ್ಲಿ, ಜೀವಿಗಳ ಚಿಪ್ಪು ಮತ್ತು ಸುಣ್ಣದ ಕೆಸರು ಪದರಪದರವಾಗಿ ಕೂತು ಗಟ್ಟಿಯಾದ ಶಿಲೆ ಇದು. ಮುಂದೆ ನೆಲ ಮೇಲೆದ್ದಾಗ ಶಿಲೆಯಲ್ಲಿ ನೆಟ್ಟನೆಯ ಬಿರುಕುಗಳು ಮೂಡಿದವು. ಬಿರುಕುಗಳ ನಡುವಣ ಭಾಗ ಕರಗಿ, ಒಡೆದು, ಜಾರಿಹೋಗಿ, ಗಟ್ಟಿಯಾದೊಂದು ಕಂಬ ಮಾತ್ರ ಉಳಿದುಕೊಂಡಿತು. 1962ರ ಕುಸಿತವೂ ಇದೇ ಕೆಲಸದ ಒಂದು ದಿನಚರಿ ಎನ್ನಬಹುದು. ನೀರು ಬಿರುಕನ್ನು ಅಗಲಿಸುತ್ತದೆ, ಬೇರು ಅದನ್ನು ಸೀಳುತ್ತದೆ, ಬುಡವನ್ನು ಅಲೆ ಕೊರೆಯುತ್ತದೆ; ಒಂದು ದಿನ ಭಾರ ಮಿಕ್ಕಿ ಬಂಡೆ ಬೀಳುತ್ತದೆ.

ಬಿದ್ದ ಬಂಡೆಗಳ ಮೂಲೆಮೊನೆಗಳು ಈಗ ಎಲ್ಲಿ ಹೋದವು? ದಂಡೆಯಲ್ಲಿ ಕೂತು ಕಿವಿಗೊಟ್ಟರೆ ಉತ್ತರ ಕೇಳಿಸುತ್ತದೆ. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದರ ಮೇಲೊಂದು ಉರುಳಿ ಗಲಗಲ ಸದ್ದು ಮಾಡುತ್ತವೆ. ಸುಣ್ಣಕಲ್ಲು ಮೃದುವಾದುದು, ಕಬ್ಬಿಣದ ಮೊಳೆಯಿಂದ ಗೀಚಿದರೆ ಗೆರೆ ಬೀಳುತ್ತದೆ. ಚೂಪಾದ ಮೂಲೆಗೆ ಪೆಟ್ಟು ಹೆಚ್ಚು, ಸಪಾಟಾದ ಮೈಗೆ ಕಡಿಮೆ. ಆದ್ದರಿಂದ ಮೂಲೆಗಳು ಮೊದಲು ಸವೆದು ಕಲ್ಲು ದುಂಡಗಾಗುತ್ತದೆ. ಸವೆದ ಹಿಟ್ಟು ನೀರಿನಲ್ಲಿ ತೇಲಿ ಆಳಕ್ಕೆ ಹೋಗುತ್ತದೆ. ಅಂದಮೇಲೆ, ಗಲಗಲ ಸದ್ದು ಕೇಳಿದಷ್ಟು ಸಲವೂ ದಂಡೆ ಒಂದಿಷ್ಟು ಕರಗಿತು ಎಂದೇ ಅರ್ಥ.

ನೀರಿನ ಬಣ್ಣದ ವಿಚಾರವನ್ನು ಇಲ್ಲಿ ಹೇಳಿಬಿಡೋಣ, ಏಕೆಂದರೆ ಬಂದವರೆಲ್ಲ ಮೊದಲು ಬೆರಗಾಗುವುದು ಅದಕ್ಕೇ. ದಡದ ಬಳಿ ನೀರು ಗಾಜಿನಂತೆ, ಸ್ವಲ್ಪ ಮುಂದೆ ಪಚ್ಚೆ, ಅದರಾಚೆ ನೀಲಿ. ಸೂರ್ಯನ ಬೆಳಕಿನ ಕೆಂಪು ಭಾಗವನ್ನು ನೀರು ಮೊದಲ ಕೆಲವು ಮೀಟರುಗಳಲ್ಲಿಯೇ ಬಹುಪಾಲು ಹೀರಿಬಿಡುತ್ತದೆ. ಹಸುರು ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ನೀಲಿ ಅದಕ್ಕೂ ಆಳಕ್ಕೆ. ತಳದ ಬಿಳಿಯ ಕಲ್ಲು ಉಳಿದ ಬೆಳಕನ್ನು ಕನ್ನಡಿಯಂತೆ ಮೇಲಕ್ಕೆ ಕಳಿಸುತ್ತದೆ. ಹೊಳೆಯಿಲ್ಲದ್ದರಿಂದ ಕೆಸರಿಲ್ಲ, ಮೆಡಿಟರೇನಿಯನ್ ಸಮುದ್ರದ ನೀರಿನಲ್ಲಿ ಲವಣಪೋಷಕಗಳು ವಿರಳವಾದ್ದರಿಂದ ನೀರನ್ನು ಮಬ್ಬಾಗಿಸುವ ಸೂಕ್ಷ್ಮ ಸಸ್ಯಗಳೂ ಕಡಿಮೆ. ನೀರು ಇಷ್ಟು ಚೆಲುವಾಗಿರುವುದಕ್ಕೆ ಅದು ಬಡವಾಗಿರುವುದೂ ಒಂದು ಕಾರಣ!

ಈಜುವವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಬೇಸಿಗೆಯಲ್ಲಿ ಕಡಲು 25 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿರುವಾಗಲೂ ಕೆಲವೆಡೆ ಮೈ ಜುಮ್ಮೆನ್ನುವಷ್ಟು ತಣ್ಣನೆಯ ನೀರು ತಾಕುತ್ತದೆ. ಅಲ್ಲಿ ನೀರಿನೊಳಗೆ ಕಣ್ಣು ಬಿಟ್ಟು ನೋಡಿದರೆ, ಸಕ್ಕರೆಯ ಪಾಕವನ್ನು ನೀರಿಗೆ ಸುರಿದಾಗ ಕಾಣುವಂಥ ಎಳೆಎಳೆಯಾದ ಮಸುಕು. ಮೇಲೆ ಸುಣ್ಣಕಲ್ಲು ನುಂಗಿದ ಮಳೆಯ ನೀರು ನೆಲದೊಳಗಿನ ಕತ್ತಲೆಯ ದಾರಿಗಳಲ್ಲಿ ಸಾಗಿ ಇಲ್ಲಿ ಕಲ್ಲುಗಳ ಸಂದಿನಿಂದ ಬುಗ್ಗೆಯಾಗಿ ಏಳುತ್ತದೆ. ಸಿಹಿನೀರಿಗೂ ಉಪ್ಪುನೀರಿಗೂ ಬೆಳಕನ್ನು ಬಾಗಿಸುವ ಶಕ್ತಿ ಬೇರೆಬೇರೆ. ಎರಡೂ ಬೆರೆಯುವಲ್ಲಿ ಬೆಳಕು ನಡುಗಿದಂತೆ ಕಾಣುತ್ತದೆ.

ಕಾರವಾರದ ದಂಡೆಯನ್ನು ಕಂಡವರಿಗೆ ಭರತ ಇಳಿತಗಳ ನಡುವೆ ನೀರು ಎರಡು ಮೀಟರಿನವರೆಗೂ ಏರಿಳಿಯುವುದು ಗೊತ್ತು. ಮೆಡಿಟರೇನಿಯನ್ ಸಮುದ್ರಕ್ಕೆ ಮಹಾಸಾಗರದೊಡನೆ ಇರುವ ಸಹಜ ದಾರಿ ಹದಿನಾಲ್ಕು ಕಿಲೋಮೀಟರ್ ಅಗಲದ ಜಿಬ್ರಾಲ್ಟರ್ ಜಲಸಂಧಿಯೊಂದೇ. ಆದ್ದರಿಂದ ಸಾರ್ಡೀನಿಯದಲ್ಲಿ ಏರಿಳಿತ ಗೇಣು ಒಂದೂವರೆ ಗೇಣು ಮಾತ್ರ. ಇದರ ಫಲವೊಂದನ್ನು ನೋಡಿರಿ. ನೀರಿನ ಅಂಚು ಸದಾ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇರುವುದರಿಂದ, ಅಲೆಯೂ ಆಮ್ಲವೂ ಕಲ್ಲನ್ನು ಕೆರೆದು ತಿನ್ನುವ ಜಂತುಗಳೂ ಪ್ರಪಾತದ ಬುಡವನ್ನು ಆ ಗೆರೆಯಲ್ಲಿಯೇ ಕೊರೆಯುತ್ತವೆ. ಉದ್ದಕ್ಕೂ ಒಂದು ಕಚ್ಚು ಬೀಳುತ್ತದೆ. ಒರೊಸೇಯಿ ಕೊಲ್ಲಿಯ ಪ್ರಪಾತಗಳಲ್ಲಿ ಇಂಥದೇ ಇನ್ನೊಂದು ಕಚ್ಚು ಈಗಿನ ನೀರಿಗಿಂತ ಸುಮಾರು 8ರಿಂದ 10 ಮೀಟರ್ ಮೇಲೆ ಇದೆ. ಅದು ಸುಮಾರು 1,25,000 ವರ್ಷಗಳ ಹಿಂದಿನದು. ಆಗ ಭೂಮಿ ಇಂದಿಗಿಂತ ತುಸು ಬೆಚ್ಚಗಿತ್ತು, ಧ್ರುವಗಳ ಹಿಮ ಕಡಿಮೆಯಿತ್ತು, ಕಡಲು ಎತ್ತರದಲ್ಲಿತ್ತು. ಬಳಿಕ ಹಿಮಯುಗ ಬಂದು, ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಕಡಲು ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗೆ ಇಳಿದಿತ್ತು. ಸಾರ್ಡೀನಿಯದ ನೆಲ ಈ ಕಾಲದಲ್ಲಿ ಹೆಚ್ಚು ಅಲುಗಾಡದೆ ಇದ್ದುದರಿಂದ, ಹಳೆಯ ಕಡಲಿನ ಎತ್ತರವನ್ನು ಅಳೆಯುವ ವಿದ್ವಾಂಸರಿಗೆ ಈ ಕಚ್ಚು ಒಳ್ಳೆಯ ಅಳತೆಗೋಲಾಗಿದೆ.

ಈಗ ದಂಡೆಯ ಲೆಕ್ಕಕ್ಕೆ ಬರೋಣ. ಪ್ರತಿಯೊಂದು ದಂಡೆಗೂ ಸಂಸಾರಿಯ ಮನೆಯಂತೆ ಆದಾಯ, ವೆಚ್ಚ ಎರಡೂ ಉಂಟು. ನಮ್ಮ ಕರಾವಳಿಗೆ ಕಾಳಿ, ಶರಾವತಿ, ನೇತ್ರಾವತಿಗಳು ಘಟ್ಟದಿಂದ ಮರಳು ತಂದು ಹಾಕುತ್ತವೆ. ಅಲೆಗಳು ಅದನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತವೆ. ಗೊಲೊರಿತ್ಸೆಗೆ ಅಂಥ ನದಿಯಿಲ್ಲ. ಮಳೆಗಾಲದ ಬಿರುಸಿನಲ್ಲಿ ಕಣಿವೆಯಿಂದ ಒಂದಿಷ್ಟು ಕಲ್ಲು ಉರುಳಿ ಬರಬಹುದು. ಉಳಿದಂತೆ ಆದಾಯವೆಂದರೆ ಮೇಲಿನಿಂದ ಬೀಳುವ ಬಂಡೆಯೇ. ಇದೊಂದು ಇಕ್ಕಟ್ಟು. ದಂಡೆಗೆ ಯಾವುದು ಅನ್ನವೋ ಅದೇ ದಂಡೆಯಲ್ಲಿ ಮಲಗಿ ಬಿಸಿಲು ಕಾಯಿಸುವವನ ಪಾಲಿಗೆ ಮೃತ್ಯು. ಬಂಡೆ ಬೀಳಲಿ ಎಂದು ಯಾರೂ ಹಾರೈಸುವಂತಿಲ್ಲ; ಬೀಳದೆ ಇದ್ದರೆ ಹೊಸ ಕಲ್ಲು ಬರುವಂತಿಲ್ಲ. ಹೀಗಾಗಿ ಮನುಷ್ಯನ ಕೈಯಲ್ಲಿ ಉಳಿಯುವುದು ವೆಚ್ಚವನ್ನು ತಗ್ಗಿಸುವುದೊಂದೇ.

ಅಲೆ ಮಾಡುವ ವೆಚ್ಚವನ್ನು ತಡೆಯಲಾಗದು. ಜೇಬು ಮಾಡುವ ವೆಚ್ಚವನ್ನು ತಡೆಯಬಹುದು. ಬಂದವನೊಬ್ಬ ನೆನಪಿಗೆಂದು ಐವತ್ತು ಗ್ರಾಂ ತೂಕದ ಒಂದೇ ಒಂದು ಕಲ್ಲನ್ನು ಒಯ್ದನೆಂದು ಇಟ್ಟುಕೊಳ್ಳೋಣ. ದಿನಕ್ಕೆ 250 ಮಂದಿಯಾದರೆ ಹನ್ನೆರಡೂವರೆ ಕಿಲೋಗ್ರಾಂ. 150 ದಿನಗಳ ಬೇಸಿಗೆಗೆ 1,875 ಕಿಲೋಗ್ರಾಂ, ಅಂದರೆ ಎರಡು ಟನ್ನಿಗೆ ಸಮೀಪ. ಇಲ್ಲಿ 250 ಎಂಬುದು ನಾವು ಸುಮ್ಮನೆ ಆರಿಸಿದ ಸಂಖ್ಯೆಯಲ್ಲ. ಈಚಿನ ವರ್ಷಗಳಲ್ಲಿ ದಿನವೊಂದಕ್ಕೆ ಅಷ್ಟೇ ಮಂದಿಗೆ, ಅದೂ ಮುಂಗಡ ಹೆಸರು ಬರೆಸಿದವರಿಗೆ, ಇಳಿಯಲು ಅಪ್ಪಣೆ. ಕಲ್ಲು, ಮರಳು, ಚಿಪ್ಪುಗಳನ್ನು ಒಯ್ಯುವುದಕ್ಕೆ ಸಾರ್ಡೀನಿಯ ಪ್ರಾಂತದ 2017ರ ಕಾಯಿದೆಯಂತೆ 500ರಿಂದ 3,000 ಯೂರೋ ದಂಡ. 2019ರಲ್ಲಿ ದ್ವೀಪದ ತೆಂಕಣ ತುದಿಯ ಕಿಯಾ ಎಂಬಲ್ಲಿಂದ ಸುಮಾರು 40 ಕಿಲೋಗ್ರಾಂ ಮರಳನ್ನು ಬಾಟಲಿಗಳಲ್ಲಿ ತುಂಬಿ ಒಯ್ಯುತ್ತಿದ್ದ ವಿದೇಶೀ ಪ್ರವಾಸಿಗಳಿಬ್ಬರು ಹಡಗು ಹತ್ತುವ ಮುನ್ನ ಸಿಕ್ಕಿಬಿದ್ದರು.

ಇಷ್ಟು ಬಿಗಿ ಏಕೆ ಎನ್ನುವವರು ಅದೇ ದ್ವೀಪದ ಬಡಗಣ ತುದಿಯಾಚೆಗಿರುವ ಬುದೆಲ್ಲಿ ಎಂಬ ನಡುಗಡ್ಡೆಯ ಕತೆಯನ್ನು ಕೇಳಬೇಕು. ಅಲ್ಲಿಯ ಪುಟ್ಟ ದಂಡೆಯ ಮರಳಿಗೆ ಗುಲಾಬಿ ಬಣ್ಣ. ಮಿನಿಯಾಚಿನ ಎಂಬ ಸೂಕ್ಷ್ಮ ಜೀವಿ ಕಡಲ ಹುಲ್ಲಿನ ಬುಡದಲ್ಲಿಯೂ ಬಂಡೆಯ ನೆರಳಿನಲ್ಲಿಯೂ ಕೆಂಪು ಸುಣ್ಣದ ಕವಚ ಕಟ್ಟಿಕೊಂಡು ಬಾಳುತ್ತದೆ. ಸತ್ತಮೇಲೆ ಆ ಕವಚದ ಚೂರುಗಳು ದಡಕ್ಕೆ ಬಂದು ಬೀಳುತ್ತವೆ. 1964ರಲ್ಲಿ ಆಂತೋನಿಯೋನಿಯ ‘ಕೆಂಪು ಮರುಭೂಮಿ’ ಎಂಬ ಚಲಚ್ಚಿತ್ರದಲ್ಲಿ ಆ ದಂಡೆ ಕಾಣಿಸಿಕೊಂಡ ಮೇಲೆ ಅದರ ಕೀರ್ತಿ ಹರಡಿತು. ಜನ ಬಂದರು, ಹಿಡಿಹಿಡಿ ಮರಳನ್ನು ಒಯ್ದರು. ದೋಣಿಗಳ ಲಂಗರುಗಳು ಕಡಲ ಹುಲ್ಲನ್ನು ಕಿತ್ತವು. ಬಣ್ಣ ಮಾಸಿತು. 1990ರ ದಶಕದಿಂದ ಅಲ್ಲಿ ಕಾಲಿಡುವುದನ್ನೇ ನಿಷೇಧಿಸಲಾಗಿದೆ. ದೂರದಿಂದ ನೋಡಬಹುದು, ಅಷ್ಟೆ. ಬುದೆಲ್ಲಿಯಲ್ಲಿ ಕಳೆದುದನ್ನು ತುಂಬಿಕೊಡುವ ಜೀವಿಗಳಾದರೂ ಇವೆ. ಗೊಲೊರಿತ್ಸೆಗೆ ಆ ಆಸರೆಯೂ ಇಲ್ಲ.

ಹೋಗುವ ಭಾಗ್ಯವುಳ್ಳ ಓದುಗರಿಗೆ ಒಂದೆರಡು ಮಾತು. ಗಟ್ಟಿಯಾದ ಪಾದರಕ್ಷೆ ಇರಲಿ. ಸುಣ್ಣಕಲ್ಲಿನ ದಾರಿ ನುಣುಪಾಗಿ ಜಾರುತ್ತದೆ. ಪ್ರಪಾತದ ಬುಡಕ್ಕೆ ತೀರ ಹತ್ತಿರ ಕೂರುವುದು ಬೇಡ. ಕಾರಣವನ್ನು ಆಗಲೇ ಕಂಡಿದ್ದೇವೆ. ಕುಡಿಯುವ ನೀರನ್ನು ಮೇಲಿನಿಂದಲೇ ಒಯ್ಯಬೇಕು, ಹಿಂದಿರುಗುವ ಏರಿಗೂ ಉಳಿಸಿಕೊಳ್ಳಬೇಕು. ಬೆಟ್ಟದ ಮೇಲೆ ಸುರಿದ ಮಳೆಯೆಲ್ಲ ಕಾಲಡಿಯಲ್ಲಿಯೇ ಹರಿಯುತ್ತಿದ್ದರೂ, ಸುಣ್ಣಕಲ್ಲಿನ ಆ ದಾರಿಯುದ್ದಕ್ಕೂ ಅದು ಒಂದು ಬೊಗಸೆಗೂ ಸಿಕ್ಕುವುದಿಲ್ಲ. ಹೊರಗೆ ಬರುವುದು ಕೆಳಗೆ, ಕಡಲಿನ ಉಪ್ಪಿನೊಡನೆ ಬೆರೆಯುವಾಗಲೇ.